ನಡುಗೋಡೆ

ಗೋಡೆಯನ್ನು ಬೆರಳ ಗಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವ ಅಭ್ಯಾಸವೊಂದು ಒಂದು ಕಾಲದಲ್ಲಿ ನನಗೆ ಅಂಟಿಕೊಂಡಿತ್ತು. ಯಾರ ಮನೆಗೆ ಹೋದರೂ, ಒಳಗಿನಿಂದ ಕಾಫಿ ಬರುವಷ್ಟರಲ್ಲಿ, ನನ್ನ ಬಲಗೈ ತಾನಾಗಿ ಹತ್ತಿರದ ಗೋಡೆಯತ್ತ ಚಾಚುತ್ತಿತ್ತು. ಗಟ್ಟಿ ಗೋಡೆ ಚಿಕ್ಕದಾದ, ಒಣ ಸದ್ದು ಮಾಡುತ್ತದೆ. ಗಾರೆ ಒಳಗಿನಿಂದ ಬಿಟ್ಟುಕೊಂಡಿದ್ದರೆ ಪೊಳ್ಳು ಸದ್ದು ಬರುತ್ತದೆ. ನನಗೆ ತಿಳಿದಿದ್ದದ್ದು ಇಷ್ಟೇ. ಇದರಾಚೆ ಏನೂ ತಿಳಿಯದು ಎಂಬುದನ್ನು ನಾನೂ ಗಮನಿಸಿರಲಿಲ್ಲ, ನಮ್ಮ ಬೀದಿಯವರೂ ಗಮನಿಸಿರಲಿಲ್ಲ.

ಅದು ಶುರುವಾದದ್ದು ನಮ್ಮ ಮನೆಯಿಂದಲೇ. ನಾವು ಕೊಂಡಿದ್ದು ಹಳೆಯ ಮನೆ. ಅಡುಗೆಮನೆಯ ಉತ್ತರದ ಗೋಡೆ ವರ್ಷವಿಡೀ ಒದ್ದೆಯಾಗಿರುತ್ತಿತ್ತು. ಸುಣ್ಣ ಬಳಿದರೆ ಹದಿನೈದು ದಿನಕ್ಕೆ ಹೊಪ್ಪಳೆ ಎದ್ದು ಉದುರುತ್ತಿತ್ತು. ಕಂಡಕಂಡವರನ್ನು ಕೇಳಿದೆ. ಒಬ್ಬರು ಡಾಂಬರು ಬಳಿಯಲು ಹೇಳಿದರು, ಇನ್ನೊಬ್ಬರು ಹಳೆಯ ಗಾರೆ ಕಿತ್ತು ಸಿಮೆಂಟು ಮೆತ್ತಿಸಲು ಹೇಳಿದರು. ಎರಡನ್ನೂ ಮಾಡಿ ಸೋತ ಮೇಲೆ, ಒಂದು ಸಂಜೆ ಬೇಸರಕ್ಕೆ ಗೋಡೆಯುದ್ದಕ್ಕೂ ತಟ್ಟುತ್ತ ಹೋದೆ. ಒಂದು ಕಡೆ ಸದ್ದು ಬದಲಾಯಿತು. ಅಲ್ಲಿ ಒಡೆದು ನೋಡಿದರೆ, ತಾರಸಿಯ ನೀರು ಇಳಿಯಲು ಹಿಂದಿನವರು ಗೋಡೆಯೊಳಗೇ ಹುಗಿದಿಟ್ಟಿದ್ದ ಮಣ್ಣಿನ ಕೊಳವೆ ಬಿರುಕು ಬಿಟ್ಟಿತ್ತು. ಕೊಳವೆಯನ್ನು ಹೊರಕ್ಕೆ ಹಾಕಿಸಿದೆ. ಮೂರು ತಿಂಗಳಲ್ಲಿ ಗೋಡೆ ಒಣಗಿತು.

ನಡೆದದ್ದು ಇಷ್ಟೇ. ಆದರೆ ಸುದ್ದಿ ಹರಡಿತು. ನಾನು ಪುರಸಭೆಯಲ್ಲಿ ಮನೆಗಳ ನಕ್ಷೆಗಳನ್ನಿಡುವ ಕೋಣೆಯ ಗುಮಾಸ್ತನಾಗಿದ್ದೆ. ನಕ್ಷೆಗಳನ್ನು ಸುತ್ತಿ, ದಾರ ಕಟ್ಟಿ, ಬೀದಿಯ ಪ್ರಕಾರ ಬೀರುವಿನಲ್ಲಿ ಜೋಡಿಸುವುದು ನನ್ನ ಕೆಲಸ. ಅವನ್ನು ಬಿಚ್ಚಿ ಓದುವವರು ಬೇರೆ ಇದ್ದರು. ಆದರೂ ಜನರ ಬಾಯಲ್ಲಿ ನಾನು 'ನಕ್ಷೆ ರಾಯರು' ಆದೆ. ನಕ್ಷೆಗಳ ನಡುವೆ ಕೂರುವವನಿಗೆ ಮನೆಗಳ ಒಳಗುಟ್ಟು ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವರ ಲೆಕ್ಕಾಚಾರ. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಭಾನುವಾರದ ಬೆಳಿಗ್ಗೆ ವೆಂಕಟಶೆಟ್ಟರ ಸುಣ್ಣ-ಸಿಮೆಂಟಿನ ಅಂಗಡಿಯ ಮುಂದಿನ ಕಟ್ಟೆಯಲ್ಲಿ ಐದಾರು ಮನೆಯೊಡೆಯರು ಸೇರುತ್ತಿದ್ದರು. ಸ್ವಂತ ಮನೆಯಿರುವವರಿಗೆ ಮಾತಿಗೆ ಬರವಿರುವುದಿಲ್ಲ. ಬಾಗಿಲು ಹಿಗ್ಗಿ ಮುಚ್ಚಿಕೊಳ್ಳದಿರುವುದು, ಗೆದ್ದಲು ಹತ್ತಿದ ಚೌಕಟ್ಟು, ಬಚ್ಚಲಿನ ನೀರು ಅಂಗಳಕ್ಕೆ ಮರಳುವುದು, ತಾರಸಿಯ ಸೋರಿಕೆ, ಹೀಗೆ ಒಬ್ಬೊಬ್ಬರೂ ಒಂದೊಂದು ಸಂಕಟ ಹೊತ್ತು ಬರುತ್ತಿದ್ದರು.

"ತಾರಸಿಗೆ ಅಳಲೇಕಾಯಿ, ಬೆಲ್ಲ ನೆನೆಹಾಕಿದ ನೀರಲ್ಲಿ ಸುಣ್ಣ ಕಲಸಿ ಬಡಿಸ್ಬೇಕು ಸ್ವಾಮಿ. ನಮ್ಮ ತಂದೆ ಬಡಿಸಿದ್ದು, ಇವತ್ತಿಗೂ ಒಂದು ಹನಿ ಇಳಿದಿಲ್ಲ," ಎಂದು ನಿವೃತ್ತ ಪೋಸ್ಟ್ ಮಾಸ್ಟರ್ ಶೇಷಗಿರಿರಾಯರು ಹೇಳುತ್ತಿದ್ದರು.

"ನಿಮ್ಮ ತಂದೆ ಕಾಲದ ಸುಣ್ಣ ಈಗೆಲ್ಲಿದೆ? ಸುಮ್ನೆ ಸಿಮೆಂಟ್ ಹೊಡೆಸಿ," ಎಂದು ಇನ್ನೊಬ್ಬರು.

ಶೆಟ್ಟರು ಮಾತ್ರ ಯಾವ ಪಕ್ಷವನ್ನೂ ವಹಿಸುತ್ತಿರಲಿಲ್ಲ. ಅವರ ಅಂಗಡಿಯಲ್ಲಿ ಎರಡೂ ಇದ್ದವು.

ಕೊನೆಗೆ ಯಾರಾದರೂ ನನ್ನತ್ತ ತಿರುಗಿ, "ನಕ್ಷೆ ರಾಯರು ಏನಂತಾರೆ?" ಎನ್ನುತ್ತಿದ್ದರು. ಆ ಒಂದು ಗಳಿಗೆಯ ಮೌನ ನನಗೆ ತುಂಬ ಹಿತವಾಗಿತ್ತು. ಕಚೇರಿಯಲ್ಲಿ ಇಪ್ಪತ್ತು ವರ್ಷ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ನಾನು ಸ್ವಲ್ಪ ಯೋಚಿಸಿದಂತೆ ಮಾಡಿ, "ಒಂದು ಸಲ ಬಂದು ತಟ್ಟಿ ನೋಡ್ತೀನಿ," ಎನ್ನುತ್ತಿದ್ದೆ. ಹೋಗಿ ತಟ್ಟುತ್ತಿದ್ದೆ. ಸಣ್ಣಪುಟ್ಟ ವಿಷಯಗಳಲ್ಲಿ ನನ್ನ ಊಹೆ ಸರಿಯಾಗುತ್ತಿತ್ತು. ತಪ್ಪಾದಾಗ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಒಮ್ಮೆ ನನ್ನ ಹೆಂಡತಿ ಕಾತ್ಯಾಯಿನಿ ಕೇಳಿದಳು: "ರೀ, ತಟ್ಟಿದ್ರೆ ನಿಮಗೆ ನಿಜವಾಗ್ಲೂ ಏನಾದ್ರೂ ಕೇಳಿಸುತ್ತಾ?"

"ಕೇಳಿಸುತ್ತೆ," ಎಂದೆ.

"ಎಲ್ಲ ಸಲವೂ?"

ನಾನು ಪತ್ರಿಕೆಯ ಹಾಳೆ ತಿರುವಿದೆ.

ಆ ಕಟ್ಟೆಯ ತುದಿಯಲ್ಲಿ ಕೆಲವೊಮ್ಮೆ ಹೊನ್ನಯ್ಯ ಮೇಸ್ತ್ರಿ ಕುಳಿತಿರುತ್ತಿದ್ದ. ಊರಿನ ಅರ್ಧ ಮನೆಗಳಿಗೆ ಗಾರೆ ಕೆಲಸ ಮಾಡಿದವನು. ಮೊಳೆಗೋ ದಾರಕ್ಕೋ ಬಂದವನು ಬೀಡಿ ಮುಗಿಯುವವರೆಗೆ ನಮ್ಮ ಮಾತು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದ. ಅವನನ್ನು ನಾವು ಯಾರೂ ಏನೂ ಕೇಳುತ್ತಿರಲಿಲ್ಲ. ಕೆಲಸ ಮಾಡುವವನನ್ನು ಕೆಲಸಕ್ಕೆ ಕರೆಯಬಹುದು, ಚರ್ಚೆಗೆ ಕರೆಯುವುದೇನು ಎಂದು ನಮ್ಮ ಎಣಿಕೆಯಾಗಿತ್ತೋ ಏನೋ. ಈಗ ಹೇಳಲು ಸಂಕೋಚವಾಗುತ್ತದೆ.

ತುಂಗಮ್ಮ ನಮ್ಮ ಮನೆಗೆ ಬಂದದ್ದು ಒಂದು ಬೆಳಿಗ್ಗೆ, ನಾನು ಕಚೇರಿಗೆ ಹೊರಡುವ ಹೊತ್ತಿಗೆ. ಹಿಂದಿನ ಬೀದಿಯಲ್ಲಿ ಅವರ ಮನೆ. ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರವಿಕೆ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಊರಿನ ಮದುವೆಯ ರವಿಕೆಗಳೆಲ್ಲ ಅವರ ಮಿಷನ್ನಿನಿಂದಲೇ ಬರುತ್ತಿದ್ದವು. ನಡುವಯಸ್ಸಿನ ಹೆಂಗಸು, ತೆಳ್ಳಗೆ, ಮಾತು ಕಡಿಮೆ.

"ರಾಯರೇ, ನಮ್ಮನೆ ನಡುಗೋಡೆ ತೆಗೆಸ್ಬೇಕು ಅಂತಿದೀನಿ. ಹೊಲಿಗೆ ಕಲೀತೀವಿ ಅಂತ ಹೆಣ್ಣುಮಕ್ಕಳು ಬರ್ತಾರೆ, ಕೂರ್ಸಕ್ಕೆ ಜಾಗ ಇಲ್ಲ. ನಡುಮನೆ, ಒಳಕೋಣೆ ಎರಡೂ ಸೇರಿದ್ರೆ ನಾಲ್ಕು ಮಿಷನ್ ಹಾಕ್ಬಹುದು. ತೆಗೀಬಹುದಾ ಅಂತ ನೀವು ಒಂದು ಮಾತು ಹೇಳ್ಬೇಕು."

ಸಂಜೆ ಹೋದೆ. ಬೀದಿಗೆ ತೆರೆಯುವ ಒಂದು ನಡುಮನೆ, ಅದರ ಹಿಂದೆ ಕಿಟಕಿಯೇ ಇಲ್ಲದ ಒಂದು ಒಳಕೋಣೆ, ಅದರಾಚೆ ಅಡುಗೆಮನೆ ಮತ್ತು ಹಿತ್ತಲು. ನಡುಮನೆಗೂ ಒಳಕೋಣೆಗೂ ನಡುವೆ ಆ ಗೋಡೆ. ಗೋಡೆಗೆ ಒತ್ತಿಕೊಂಡಂತೆ, ನಡುಮನೆಯ ಕಡೆ, ಹೊಲಿಗೆ ಮಿಷನ್ನು ಇತ್ತು. ಒಳಕೋಣೆಯಲ್ಲಿ ಬರಿಯ ಮಂಚವೊಂದಿತ್ತು, ಹಾಸಿಗೆ ಇರಲಿಲ್ಲ. ಮೇಲೆ ಮಣ್ಣು-ಸುಣ್ಣದ ಹಳೆಯ ತಾರಸಿ. ಅದನ್ನು ಹೊತ್ತ ತೊಲೆಗಳು ಕಾಣದಂತೆ ಎರಡೂ ಕೋಣೆಗಳಿಗೆ ಹಲಗೆ ಹೊಡೆಸಿ ಹಸಿರು ಬಣ್ಣ ಬಳಿದಿದ್ದರು.

ಹೊನ್ನಯ್ಯನೂ ಅಲ್ಲಿದ್ದ. ತುಂಗಮ್ಮನೇ ಕರೆಸಿದ್ದರು. ಕತ್ತೆತ್ತಿ ಹಲಗೆಗಳನ್ನೇ ನೋಡುತ್ತ ನಿಂತಿದ್ದ.

ನಾನು ಎಂದಿನಂತೆ ಗೋಡೆಯ ಹತ್ತಿರ ಹೋಗಿ ತಟ್ಟಿದೆ. ಸ್ವಲ್ಪ ಕೆಳಗೆ ಮತ್ತೆ ತಟ್ಟಿದೆ. ಹಿಂದಿನಿಂದ ತುಂಗಮ್ಮ ಥಟ್ಟನೆ, "ಸಾಕು ರಾಯರೇ, ತಟ್ಟಬೇಡಿ," ಎಂದರು. ದನಿ ಜೋರಾಗಿತ್ತು. ತಿರುಗಿ ನೋಡಿದೆ. ಅವರ ಮುಖ ಬಿಳಿಚಿಕೊಂಡಿತ್ತು. ಗಾರೆ ಉದುರೀತೆಂದು ಹೆದರಿದರೇನೋ ಎಂದುಕೊಂಡೆ. ಹೇಗೂ ಒಡೆಸಲಿರುವ ಗೋಡೆಯ ಗಾರೆಗೆ ಹೆದರುವುದೇಕೆ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಹೊನ್ನಯ್ಯ ಹೇಳಿದ: "ಮೇಲೆ ಅಲಗೆ ಬಿಚ್ಚಿ ನೋಡ್ದೆ ನಾನೇನೂ ಯೋಳಾಕಾಗಾಕಿಲ್ಲ ಕಣವ್ವ. ತೊಲೆ ಈ ತುದಿಯಿಂದ ಆ ತುದಿಗೆ ಒಂದೇ ಆಗಿದ್ರೆ ಸರಿ. ಇಲ್ಲೇ ಈ ಗ್ವಾಡೆ ಮ್ಯಾಲೆ ಎರಡು ತುಂಡು ಕೂಡ್ಕಂಡಿದ್ರೆ? ನನ್ನ ಕೇಳಿದ್ರೆ ಬ್ಯಾಡ."

"ನಮ್ಮ ಮನೆಯಲ್ಲೂ ಹೀಗೇ ಇದೆ," ಎಂದೆ ನಾನು. "ಒಂದೇ ತೊಲೆ. ಆ ಕಾಲದ ಮರ ಅಷ್ಟು ಉದ್ದ ಸಿಗ್ತಿತ್ತು. ಇದು ಬರೀ ಅಡ್ಡಗೋಡೆ, ಭಾರ ಹೊತ್ತಿಲ್ಲ."

"ಅಂಗಂತ ಕಂಡೋರ್ಯಾರು ಸ್ವಾಮಿ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಆದರೆ ಒಬ್ಬ ಮೇಸ್ತ್ರಿ ಒಬ್ಬ ಹೆಂಗಸಿನೆದುರು ನನ್ನನ್ನು ಪ್ರಶ್ನಿಸಿದ್ದು ನನಗೆ ಹಿಡಿಸಲಿಲ್ಲ. ತುಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಆಸೆಯಿಂದ ಯಾರೂ ನನ್ನ ಮಾತಿಗೆ ಕಾದಿರಲಿಲ್ಲ.

"ತೆಗೆಸಿ. ಏನೂ ಆಗಲ್ಲ," ಎಂದೆ.

ಹೊನ್ನಯ್ಯ ಹೆಗಲ ಮೇಲಿನ ವಸ್ತ್ರ ಕೊಡವಿ, "ನನ್ ಕೈಲಿ ಒಡೆಯಾಕಾಗಾಕಿಲ್ಲ, ಬೇರೆಯೋರ್ನ ಕರ್ಸ್ಕಳವ್ವ," ಎಂದು ಹೊರಟುಹೋದ.

ಒಡೆಯಲು ಬಂದವನು ಚೆಲುವಯ್ಯ. ಇಬ್ಬರು ಆಳುಗಳನ್ನಿಟ್ಟುಕೊಂಡು ಸಣ್ಣ ಕೆಲಸಗಳನ್ನು ಮಾಡಿಕೊಂಡಿದ್ದ. ಅವನು ಶುರುಮಾಡುವ ಮುನ್ನ ನನ್ನನ್ನು ಕರೆದು, "ಸಾರ್, ತೆಗೀಬಹುದಲ್ವಾ?" ಎಂದು ಕೇಳಿದ್ದ. ತೆಗೀಬಹುದು ಎಂದಿದ್ದೆ. ಎರಡು ದಿನದಲ್ಲಿ ಗೋಡೆ ಇಟ್ಟಿಗೆಯ ರಾಶಿಯಾಗಿ ಬೀದಿಗೆ ಬಂತು. ಮೂರನೆಯ ದಿನ ತುಂಗಮ್ಮ ನಮ್ಮನ್ನೆಲ್ಲ ಕರೆದು ಕೋಸಂಬರಿ, ಪಾನಕ ಕೊಟ್ಟರು. ಕತ್ತಲೆಯ ಮನೆಗೆ ಬೆಳಕು ಬಂದಿತ್ತು. ಶೇಷಗಿರಿರಾಯರು ಕೋಣೆಯ ನಡುವೆ ನಿಂತು ಕೈಯಗಲಿಸಿ, "ಛತ್ರದ ಹಾಗಾಯ್ತಲ್ಲಮ್ಮ," ಎಂದರು. ತುಂಗಮ್ಮ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಹೆಮ್ಮೆಯಾಯಿತು. ಈ ನಗುವಿಗೆ ಕಾರಣ ನಾನು ಎಂದುಕೊಂಡೆ. ಒಂದು ಅರ್ಥದಲ್ಲಿ ಅದು ನಿಜವೂ ಆಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಶೇಷಗಿರಿರಾಯರು ಏದುಸಿರು ಬಿಡುತ್ತ ಕಚೇರಿಗೆ ಬಂದರು. "ತುಂಗಮ್ಮನ ಮನೆ ಮಾಡು ಕೂತುಬಿಡ್ತು," ಎಂದರು.

ನಾನು ಹೋಗುವಷ್ಟರಲ್ಲಿ ಬೀದಿ ತುಂಬ ಜನ. ಮನೆ ಪೂರ್ತಿ ಬಿದ್ದಿರಲಿಲ್ಲ. ನಡುವೆ, ಗೋಡೆಯಿದ್ದ ಜಾಗದ ಮೇಲೆ, ಹಲಗೆಗಳು ಸೀಳಿ ತಾರಸಿ ತೊಟ್ಟಿಲಿನಂತೆ ಜಗ್ಗಿ ನಿಂತಿತ್ತು. ಒಂದು ಮಂಕರಿಯಷ್ಟು ಇಟ್ಟಿಗೆ, ಸುಣ್ಣ ಕೆಳಗೆ ಸುರಿದಿತ್ತು. ಅದರಲ್ಲಿ ಒಂದು ಪಾಲು ತುಂಗಮ್ಮನ ಎಡ ಹೆಗಲ ಮೇಲೆ ಬಿದ್ದಿತ್ತು. ಕಲಿಯಲು ಬರುವ ಹೆಣ್ಣುಮಕ್ಕಳು ಆಗಷ್ಟೇ ಊಟಕ್ಕೆಂದು ಮನೆಗೆ ಹೋಗಿದ್ದರು. ತುಂಗಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಯಾಗಿತ್ತು. ಪ್ರಾಣಕ್ಕೇನೂ ಇಲ್ಲ, ಮೂಳೆ ಮುರಿದಿದೆ ಎಂದರು.

ಒಳಗೆ ಹೊನ್ನಯ್ಯ ಇದ್ದ. ಯಾರು ಕರೆಸಿದರೋ, ತಾನೇ ಬಂದನೋ ಗೊತ್ತಿಲ್ಲ. ಎರಡು ಮರದ ಕಂಬಗಳನ್ನು ಜಗ್ಗಿದ ತೊಲೆಗಳ ಕೆಳಗೆ ಒತ್ತಾಸೆ ಕೊಟ್ಟು, ಬುಡಕ್ಕೆ ಬೆಣೆ ಬಡಿಯುತ್ತಿದ್ದ. ಒಂದೊಂದು ಏಟಿಗೂ ಮೇಲಿನಿಂದ ಧೂಳು ಉದುರುತ್ತಿತ್ತು. ನಾನು ಬಾಗಿಲಲ್ಲಿ ನಿಂತೆ. ಅವನು ನನ್ನನ್ನು ನೋಡಿ, "ಒಳಿಕ್ ಬನ್ನಿ. ಇದನ್ ಹಿಡ್ಕಳಿ," ಎಂದ.

ಕಂಬ ಹಿಡಿದುಕೊಂಡೆ. ಅವನು ತೂಗುಗುಂಡು ಬಿಟ್ಟು ಕಂಬ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. "ಕೂದ್ಲೆಳೆ ಎಡಕ್ಕೆ," ಎಂದ. ಸರಿಸಿದೆ. "ಜಾಸ್ತಿ ಆಯ್ತು." ಮತ್ತೆ ಸರಿಸಿದೆ. ಆ ಮಧ್ಯಾಹ್ನವಿಡೀ ಅವನು ನನ್ನೊಡನೆ ಆಡಿದ್ದು ಇಂಥ ಮಾತುಗಳನ್ನು ಮಾತ್ರ. ನಾನು ಹೇಳಿದ್ದು, ಅವನು ಹೇಳಿದ್ದು, ಯಾವುದನ್ನೂ ಎತ್ತಲಿಲ್ಲ. ಬೈದಿದ್ದರೆ ಉತ್ತರವಾಗಿ ಏನಾದರೂ ಹೇಳಬಹುದಿತ್ತು. ಮೇಲೆ ಹಲಗೆ ಸೀಳಿದ್ದರಿಂದ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ತೊಲೆಗಳ ತುದಿಗಳು ಒಂದಕ್ಕೊಂದು ಎದುರಾಗಿ, ಕೆಳಗೆ ಗೋಡೆಯಿಲ್ಲದೆ, ಹೊನ್ನಯ್ಯನ ಕಂಬಗಳ ಮೇಲೆ ನಿಂತಿದ್ದವು.

ಮರುದಿನ ಕಚೇರಿಯಲ್ಲಿ ಬಾಗಿಲು ಮುಂದೆ ಮಾಡಿ, ನಾಲ್ಕನೆಯ ಬೀರು ತೆಗೆದೆ. ಹಿಂದಿನ ಬೀದಿಯ ಕಟ್ಟನ್ನು ನಾನೇ ಕಟ್ಟಿ ಇಟ್ಟಿದ್ದೆ, ದಾರದ ಗಂಟೂ ನನ್ನದೇ. ತುಂಗಮ್ಮನ ಮಾವನ ಹೆಸರಿನಲ್ಲಿ ಆ ಮನೆಯ ನಕ್ಷೆ ಇತ್ತು. ಮನೆಯನ್ನು ನಡುವೆ ಸೀಳಿ ತೋರಿಸುವ ಚಿತ್ರವೂ ಅದೇ ಹಾಳೆಯಲ್ಲಿತ್ತು. ನಡುಗೋಡೆಯನ್ನು ಹೊರಗೋಡೆಗಳಷ್ಟೇ ದಪ್ಪಗೆ ಬರೆದಿದ್ದರು. ಅದರ ಮೇಲೆ ಎರಡು ತೊಲೆಗಳು ಬಂದು ಕೂಡುವುದನ್ನು ಶಾಲೆಯ ಮಗುವೂ ಗುರುತಿಸಬಹುದಿತ್ತು. ನನ್ನ ಕುರ್ಚಿಯಿಂದ ಆ ಬೀರುವಿಗೆ ಹತ್ತು ಹೆಜ್ಜೆ. ಜನ ನನ್ನನ್ನು ನಕ್ಷೆ ರಾಯರೆಂದು ಕರೆಯುತ್ತಿದ್ದರು, ನಾನು ಗೋಡೆ ತಟ್ಟಿ ಬಂದಿದ್ದೆ.

ಹಾಳೆಯನ್ನು ಮೊದಲಿದ್ದಂತೆ ಸುತ್ತಿ, ದಾರ ಕಟ್ಟಿ, ಒಳಗಿಟ್ಟೆ. ಯಾರಿಗೂ ಹೇಳಲಿಲ್ಲ.

ಆ ಭಾನುವಾರ ಕಟ್ಟೆಗೆ ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ. ಅಲ್ಲಿ ತೀರ್ಪು ಆಗಲೇ ಸಿದ್ಧವಾಗಿತ್ತು.

"ಆ ಚೆಲುವಯ್ಯ ಸುತ್ತಿಗೆಯಲ್ಲಿ ಕಂಡ ಹಾಗೆ ಬಡಿದಿದಾನೆ. ತೊಲೆ ಅಲ್ಲಾಡಿ ಹೋಗಿದೆ. ಇಲ್ಲದಿದ್ರೆ ಇದು ಬೀಳೋ ಮನೆಯೇ?" ಎಂದರು ಒಬ್ಬರು.

"ಅವನಿಗೆ ನಮ್ಮ ಹಿತ್ತಿಲ ಗೋಡೆ ಕೆಲಸ ಹೇಳಿದ್ದೆ. ಬೇಡ ಅಂದುಬಿಟ್ಟೆ," ಎಂದು ಇನ್ನೊಬ್ಬರು.

ಶೇಷಗಿರಿರಾಯರು ನನ್ನ ತೊಡೆಯ ಮೇಲೆ ಕೈಯಿಟ್ಟು, "ನೀವೇನೂ ಮನಸ್ಸಿಗೆ ಹಚ್ಕೋಬೇಡಿ. ಸಲಹೆ ಸರಿಯಾಗೇ ಇತ್ತು. ಮಾಡಿದವನು ಸರಿಯಾಗಿ ಮಾಡ್ಲಿಲ್ಲ," ಎಂದರು.

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದು ತಿಳಿದರು. ಕಟ್ಟೆಯ ತುದಿಯಲ್ಲಿ ಹೊನ್ನಯ್ಯ ಬೀಡಿ ಸೇದುತ್ತಿದ್ದ. ತೊಲೆಯ ತುದಿಗಳನ್ನು ಅವನೂ ನೋಡಿದ್ದ, ನಾನೂ ನೋಡಿದ್ದೆ. ಅವನು ಒಂದು ಸಲ ನನ್ನ ಕಡೆ ನೋಡಿ, ಅರ್ಧ ಸೇದಿದ ಬೀಡಿಯನ್ನು ಕಲ್ಲಿಗೆ ಉಜ್ಜಿ ಆರಿಸಿ ಎದ್ದು ಹೋದ.

ಮೂರು ವಾರ ನಾನು ಹಾಗೇ ಇದ್ದೆ. ಚೆಲುವಯ್ಯನಿಗೆ ಊರಲ್ಲಿ ಕೆಲಸ ನಿಂತಿತು. ಒಂದು ದಿನ ಬಸ್ಸಿನ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿದ್ದ. ಪಕ್ಕದ ಊರಿಗೆ ಹೋಗುತ್ತಿದ್ದೇನೆ ಎಂದ. "ನಾನು ಮೆಲ್ಲಗೇ ಒಡ್ದಿದ್ದು ಸಾರ್. ಒಂದೊಂದೇ ಇಟ್ಟಿಗೆ ಬಿಡಿಸಿ ತೆಗ್ದಿದ್ದು. ನೀವು ನೋಡಿದ್ರಲ್ಲ?" ಎಂದು ಕೇಳಿದ. ನೋಡಿದ್ದೆ. ಬಸ್ಸು ಬಂತು. ನಾನು ಏನೋ ಗೊಣಗಿದೆ, ಅವನು ಹತ್ತಿ ಹೋದ.

ಅವತ್ತು ಮನೆಗೆ ಬಂದು ಕಾತ್ಯಾಯಿನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ? ನಮ್ಮನೆ ಮಾಡು ಬಿದ್ದಿಲ್ಲವಲ್ಲ," ಎಂದಳು.

ಮರುದಿನ ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡು ತುಂಗಮ್ಮನ ಮನೆಗೆ ಹೋದೆ. ಕಚೇರಿಯಿಂದ ನಕ್ಷೆ ಹೊರಗೆ ತರುವ ಹಾಗಿಲ್ಲ. ಆ ನಿಯಮವನ್ನು ನಾನು ಮುರಿದದ್ದು ಅದೊಂದೇ ಸಲ.

ಅವರು ನಡುಮನೆಯಲ್ಲಿ ಕುಳಿತಿದ್ದರು. ಎಡಗೈಯನ್ನು ಜೋಳಿಗೆಯಂತೆ ಕಟ್ಟಿದ ಬಟ್ಟೆಯಲ್ಲಿ ಎದೆಗೆ ಆನಿಸಿಕೊಂಡಿದ್ದರು. ಹೊನ್ನಯ್ಯ ಒತ್ತಾಸೆಯ ಜಾಗದಲ್ಲಿ ಸಾಗುವಾನಿಯ ಗಟ್ಟಿ ಕಂಬವೊಂದನ್ನು ಕಲ್ಲಿನ ಮೇಲೆ ನಿಲ್ಲಿಸಿ, ತಾರಸಿಯನ್ನು ಮತ್ತೆ ಕೂರಿಸಿದ್ದ. ನಾನು ಹಾಳೆ ಬಿಚ್ಚಿ ನೆಲದ ಮೇಲೆ ಹಾಸಿ, ಬೆರಳಿಟ್ಟು ತೋರಿಸಿದೆ. "ಇದು ನನ್ನ ಬೀರುವಿನಲ್ಲೇ ಇತ್ತು. ನೋಡಿರಲಿಲ್ಲ. ಗೊತ್ತಿಲ್ಲದೆ ಹೇಳಿದೆ. ಚೆಲುವಯ್ಯನದು ಏನೂ ತಪ್ಪಿಲ್ಲ," ಎಂದೆ.

ತುಂಗಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನನಗೆ ಗೊತ್ತಿತ್ತು ರಾಯರೇ," ಎಂದರು.

ನನಗೆ ಅರ್ಥವಾಗಲಿಲ್ಲ.

"ಹೊನ್ನಯ್ಯ ನೀವು ಬರೋಕೆ ಮುಂಚೇನೇ ಎರಡು ಸಲ ಹೇಳಿದ್ದ, ಬೇಡ ಅಂತ. ಇನ್ನೂ ಇಬ್ಬರನ್ನ ಕೇಳಿದ್ದೆ. ಅವರೂ ಬೇಡ ಅಂದ್ರು. ಹೂಂ ಅನ್ನೋರೊಬ್ಬರು ಬೇಕಾಗಿತ್ತು ನನಗೆ. ನೀವು ಅಂದ್ರಿ. ನೀವು ಅನ್ನದಿದ್ರೆ ಇನ್ನೊಬ್ಬರನ್ನ ಹುಡುಕ್ತಿದ್ದೆ."

"ಹೊಲಿಗೆ ಮಿಷನ್ನಿಗೋಸ್ಕರ ಇಷ್ಟು..."

"ಮಿಷನ್ನಿಗಲ್ಲ."

ಅವರು ಕಂಬದ ಆಚೆ, ಒಳಕೋಣೆಯಿದ್ದ ಕಡೆ ನೋಡಿದರು. ಮಂಚ ಅಲ್ಲಿರಲಿಲ್ಲ.

"ನಮ್ಮನೆಯವರು ಆರು ವರ್ಷ ಆ ಕೋಣೇಲಿ ಮಲಗಿದ್ರು. ಮೈಯ ಒಂದು ಪಕ್ಕ ಬಿದ್ದುಹೋಗಿತ್ತು, ಮಾತೂ ಇರ್ಲಿಲ್ಲ. ನಾನು ಇಲ್ಲಿ ಹೊಲೀತಿದ್ದೆ, ಅವರು ಅಲ್ಲಿಂದ ಗೋಡೆ ತಟ್ಟೋರು, ಬೆರಳಲ್ಲಿ. ಒಂದು ಸಲ ಅಂದ್ರೆ ನೀರು. ಎರಡು ಸಲ ಅಂದ್ರೆ ಮಗ್ಗುಲು ಬದಲಾಯಿಸ್ಬೇಕು. ಮೂರು ಸಲ ಅಂದ್ರೆ ಏನೂ ಬೇಡ, ಸುಮ್ನೆ ಬಂದು ಕೂತ್ಕೋ ಅಂತ."

ಎಡಗೈ ಕಟ್ಟಿದ್ದ ಬಟ್ಟೆಯ ಗಂಟನ್ನು ಸರಿಮಾಡಿಕೊಂಡರು.

"ಆ ಕೊನೇ ದಿನ ಮೂರು ಸಲ ತಟ್ಟಿದ್ರು. ನಾನು ಮದುವೆ ಹುಡುಗಿ ರವಿಕೆಗೆ ತೋಳು ಕೂರಿಸ್ತಿದ್ದೆ. ಸಾಯಂಕಾಲ ಕೊಡಬೇಕಾಗಿತ್ತು. ಇದೊಂದು ಮುಗಿಸಿ ಹೋಗೋಣ ಅಂದ್ಕೊಂಡೆ." ಬಲಗೈಯಿಂದ ನಕ್ಷೆಯ ಅಂಚನ್ನು ನೆಟ್ಟಗೆ ಮಾಡಿದರು. "ಮುಗಿಸಿ ಹೋದೆ."

ಪಕ್ಕದ ಮನೆಯ ಹಿತ್ತಿಲಲ್ಲಿ ಯಾರೋ ನೀರು ಸೇದುವ ರಾಟೆಯ ಸದ್ದು ಕೇಳುತ್ತಿತ್ತು.

"ಆಮೇಲೆ ಮಿಷನ್ ತುಳಿಯೋಕೆ ಕೂತ್ರೆ ಗೋಡೆ ತಟ್ಟಿದ ಹಾಗೇ ಆಗೋದು. ನಿಲ್ಲಿಸಿ ಕಿವಿಗೊಟ್ಟರೆ ಏನೂ ಇಲ್ಲ. ಒಂದೂವರೆ ವರ್ಷ, ದಿನಾ. ನೀವು ಬಂದು ತಟ್ಟಿದ್ರಲ್ಲ, ಅವತ್ತು ಗಟ್ಟಿ ತೀರ್ಮಾನ ಮಾಡಿಬಿಟ್ಟೆ. ಮಾಡು ಬಿದ್ರೆ ಬೀಳಲಿ, ಈ ಗೋಡೆ ಇರಬಾರ್ದು ಅಂತ. ಹೆಣ್ಣುಮಕ್ಕಳು ಬರೋ ಮನೆ, ಅವರ ಮೇಲೆ ಬಿದ್ದಿದ್ರೆ ಅಂತ ಈಗ ನೆನೆಸ್ಕೊಂಡ್ರೆ ಮೈ ನಡುಗುತ್ತೆ. ಅವಾಗ ಅದೂ ತೋಚ್ಲಿಲ್ಲ ನೋಡಿ."

ಆ ಸಂಜೆ ನಾನು ಎಷ್ಟು ಸಲ ತಟ್ಟಿದ್ದೆನೆಂದು ನೆನಪಿಸಿಕೊಳ್ಳಲು ಮುಂದೆ ಬಹಳ ದಿನ ಪ್ರಯತ್ನಪಟ್ಟೆ. ನೆನಪಾಗಲಿಲ್ಲ.

"ಈಗ?" ಎಂದು ಕೇಳಿದೆ.

"ಈಗ ಇಲ್ಲ," ಎಂದರು. "ಕೈ ನೋಯುತ್ತೆ. ಅದು ಪರವಾಗಿಲ್ಲ."

ಅವರ ಮಾತಿನಿಂದ ನನ್ನ ಹೊರೆ ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗೋಡೆ ಹೋಗಲೇಬೇಕೆಂಬುದು ಅವರ ಹಟ, ನಿಜ. ನಾನು ನಕ್ಷೆ ನೋಡಿದ್ದರೆ, ಅದು ಹೋಗುವ ಮುನ್ನವೇ ಕಂಬ ಬರುತ್ತಿತ್ತು. ಅವರ ಮೂಳೆ ಮುರಿಯದೆಯೂ ಗೋಡೆ ಹೋಗಬಹುದಿತ್ತು. ಹೊರಡುವಾಗ ಇದನ್ನೇ ಹೇಳಿದೆ. ಅವರು ತಲೆಯಾಡಿಸಿದರು. "ಹೌದು, ಹೋಗಬಹುದಿತ್ತು," ಎಂದರು. ಅದೊಂದೇ ಅವರು ನನಗೆ ಹೇಳಿದ ಕಟುವಾದ ಮಾತು, ಅದೂ ಮೆಲುದನಿಯಲ್ಲಿ.

ಆ ಭಾನುವಾರ ಕಟ್ಟೆಯಲ್ಲಿ, ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುವ ವಿಷಯ ಮುಗಿಯುವವರೆಗೆ ಕಾದು, ನಾನು ಎದ್ದು ನಿಂತೆ. ಕುಳಿತೇ ಹೇಳಬಹುದಿತ್ತು, ಯಾಕೋ ಎದ್ದೆ. "ತುಂಗಮ್ಮನ ಮನೆಯ ವಿಷಯದಲ್ಲಿ ತಪ್ಪು ನನ್ನದು. ಚೆಲುವಯ್ಯನದಲ್ಲ. ಹೊನ್ನಯ್ಯ ಬೇಡ ಎಂದಿದ್ದ. ನಕ್ಷೆ ನನ್ನ ಬೀರುವಿನಲ್ಲಿತ್ತು, ನಾನು ನೋಡಲಿಲ್ಲ," ಎಂದೆ. ತುಂಗಮ್ಮ ಹೇಳಿದ್ದನ್ನು ಹೇಳಲಿಲ್ಲ. ಅದು ನನ್ನದಾಗಿರಲಿಲ್ಲ.

ಶೆಟ್ಟರು ತಕ್ಕಡಿಯ ತಟ್ಟೆ ಒರೆಸತೊಡಗಿದರು. ಶೇಷಗಿರಿರಾಯರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಹಾಗಾದ್ರೆ ನಮ್ಮ ಬಚ್ಚಲಮನೆ ಗೋಡೆ ಒಡೀಬಹುದು ಅಂದಿದ್ರಲ್ಲ?" ಎಂದು ಆತಂಕದಿಂದ ಕೇಳಿದರು.

"ಗೊತ್ತಿಲ್ಲ," ಎಂದೆ.

ಆ ಮಾತನ್ನು ಆ ಕಟ್ಟೆಯ ಮೇಲೆ ಅದಕ್ಕೆ ಮುಂಚೆ ಯಾರಾದರೂ ಆಡಿದ್ದು ನನಗೆ ನೆನಪಿಲ್ಲ. ಎಲ್ಲರ ಕಣ್ಣೂ ನಿಧಾನವಾಗಿ ಕಟ್ಟೆಯ ತುದಿಗೆ ಹೊರಳಿತು. ಹೊನ್ನಯ್ಯ ಸ್ವಲ್ಪ ಮುಜುಗರದಿಂದ ಬೀಡಿ ಕೆಳಗಿಟ್ಟು, "ನೋಡ್ದೆ ಏನ್ ಯೋಳಾದು ಸ್ವಾಮಿ? ನಾಳೀಕ್ ಬತ್ತೀನಿ," ಎಂದ.

ಚೆಲುವಯ್ಯನನ್ನು ಹುಡುಕಿಕೊಂಡು ಪಕ್ಕದ ಊರಿಗೆ ಹೋದೆ. ಅವನು ಅಲ್ಲಿ ಒಂದು ಶಾಲೆಯ ಕಟ್ಟಡಕ್ಕೆ ಗಾರೆ ಹೊರುತ್ತಿದ್ದ. ನಾನು ಹೇಳಿದ್ದನ್ನು ಕೇಳಿ, ಕೈ ತೊಳೆದುಕೊಂಡು, "ಆಯ್ತು ಸಾರ್. ಊರಿಗೆ ಬಂದಾಗ ಅವರೆಲ್ಲರೆದುರು ಇನ್ನೊಂದ್ಸಲ ಹೇಳಿ," ಎಂದ. ಅವನು ಬಂದಾಗ ಹೇಳಿದೆ. ಅವನಿಗೆ ಕೆಲಸಗಳು ಮರಳಿದವು, ಆದರೆ ನನ್ನ ಮನೆಯ ಕೆಲಸಕ್ಕೆ ಕರೆದಾಗ ಪ್ರತಿ ಸಲವೂ ಬಿಡುವಿಲ್ಲ ಎನ್ನುತ್ತಿದ್ದ.

ಜನ ನನ್ನ ಹತ್ತಿರ ಬರುವುದನ್ನು ಬಿಡಲಿಲ್ಲ. "ಈಗ ನಿಮಗೆ ಅನುಭವವೂ ಆಯ್ತಲ್ಲ," ಎಂದು ಒಬ್ಬರು ಮುಖಕ್ಕೇ ಹೇಳಿದರು. ಬಂದವರಿಗೆ ಅವರ ಮನೆಯ ನಕ್ಷೆ ಯಾವ ಬೀರುವಿನಲ್ಲಿದೆಯೆಂದು ಹೇಳುತ್ತಿದ್ದೆ. ಕಚೇರಿಗೆ ಬಂದರೆ ತೆಗೆದು ಮೇಜಿನ ಮೇಲೆ ಹಾಸುತ್ತಿದ್ದೆ. ಹೊನ್ನಯ್ಯ ಬಿಡುವಾದಾಗ ಬಂದು ಅದನ್ನು ಓದಲು ನನಗೆ ಕಲಿಸಿದ. ಅಕ್ಷರ ಬಾರದವನು ಗೆರೆಗಳನ್ನು ಓದುವುದು ನೋಡಲು ಚೆನ್ನಾಗಿತ್ತು. ಗೋಡೆ ತಟ್ಟುವುದನ್ನು ಬಿಟ್ಟೆ. ಕೈಗೆ ಅದು ಮರೆಯಲು ಎರಡು ವರ್ಷ ಹಿಡಿಯಿತು.

ತುಂಗಮ್ಮನ ಎಡಗೈ ಮತ್ತೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಅವರು ತಾವು ಹೊಲಿಯುವುದನ್ನು ಕಡಿಮೆ ಮಾಡಿ, ಕಲಿಸುವುದನ್ನು ಹೆಚ್ಚು ಮಾಡಿದರು. ಒಂದಾದ ಆ ಕೋಣೆಗೆ ನಾಲ್ಕು ಮಿಷನ್ನುಗಳು ಬಂದವು. ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಏನೋ ಕೊಡಲೆಂದು ಕಾತ್ಯಾಯಿನಿ ಕಳಿಸಿದ್ದಕ್ಕೆ ಅಲ್ಲಿಗೆ ಹೋದೆ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೂ ತೆರೆದಿದ್ದವು. ಹುಡುಗಿಯರು ಏನೋ ಹೇಳಿಕೊಂಡು ನಗುತ್ತ ಮಿಷನ್ ತುಳಿಯುತ್ತಿದ್ದರು, ತುಂಗಮ್ಮ ಅವರ ನಡುವೆ ನಿಂತು ಒಬ್ಬಳ ಕೈ ಹಿಡಿದು ತೋಳು ಕೂರಿಸುವುದನ್ನು ತೋರಿಸುತ್ತಿದ್ದರು. ಗೋಡೆಯಿದ್ದ ಜಾಗದಲ್ಲಿ ನೆಲಕ್ಕೆ ಬೇರೆ ಗಾರೆ ಹಾಕಿದ್ದರಿಂದ ಗೇಣಗಲದ ಬಿಳಿಯ ಪಟ್ಟಿಯೊಂದು ಉಳಿದಿತ್ತು. ಬೀದಿಯಿಂದ ಗಾಳಿ ಬಂದಾಗಲೆಲ್ಲ ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳು, ಹಳದಿ, ಕೆಂಪು, ನೀಲಿ, ಮೆಲ್ಲಗೆ ಎದ್ದು, ಆ ಪಟ್ಟಿಯನ್ನು ದಾಟಿ, ಹಿತ್ತಿಲ ಬಾಗಿಲ ಹೊಸಿಲವರೆಗೆ ಹೋಗಿ ನಿಲ್ಲುತ್ತಿದ್ದವು.